ಚಿನ್ನದ ಕೆಳಗಿನ ಮನೆ

ನಮ್ಮ ಮನೆಯಲ್ಲಿ ಚಿನ್ನಕ್ಕಿಂತ ಜಾಸ್ತಿ ಜೋಪಾನ ಮಾಡುತ್ತಿದ್ದದ್ದು ಒಂದು ಕಪ್ಪು ಕಲ್ಲನ್ನು. ಅಂಗೈ ಉದ್ದ, ಮೂರು ಬೆರಳು ಅಗಲ, ಅಂಚೆಲ್ಲ ಸವೆದು ನುಣ್ಣಗಾಗಿತ್ತು. ತಾತನ ಒರೆಗಲ್ಲು ಅದು. ಕೋಲಾರದ ಪೇಟೆಯಲ್ಲಿ ಅವರದೊಂದು ಅಂಗಡಿ. ಅಂಗಡಿ ಅನ್ನೋದಕ್ಕಿಂತ ಮನೆಯ ಜಗಲಿಗೆ ಬಾಗಿಲು ಹಾಕಿದ ಒಂದು ಗೂಡು. ಒಳಗೆ ಕುಮ್ಮಟೆ, ಊದುಕೊಳವೆ, ಮೂಸೆ, ಚಿಮಟ, ಬಿಳಿಗಾರದ ಡಬ್ಬಿ. ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಸ್ಕೂಲಿಂದ ಬಂದವಳು ನಾನು ಅಲ್ಲೇ ಕೂರುತ್ತಿದ್ದೆ. ಫ್ಯಾನ್ ಹಾಕುವ ಹಾಗಿರಲಿಲ್ಲ. ಚಿನ್ನದ ಪುಡಿ ಹಾರುತ್ತದೆ, ತಕ್ಕಡಿ ಅಲ್ಲಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಕೂತು ನೋಡಿದ್ದೇ ನೋಡಿದ್ದು.

ಯಾರಾದರೂ ಸರ ತಂದು ಕೊಟ್ಟರೆ ತಾತ ಮೊದಲು ಅದನ್ನು ನೋಡುತ್ತಲೇ ಇರಲಿಲ್ಲ. ಕಲ್ಲಿನ ಮೇಲೆ ಒಂದು ಸಲ ಎಳೆಯುತ್ತಿದ್ದರು. ಕೂದಲೆಳೆಯಷ್ಟು ಹಳದಿ ಗೆರೆ. ಅದರ ಪಕ್ಕದಲ್ಲೇ ತಮ್ಮ ಹತ್ತಿರ ಇದ್ದ, ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ. ಆಮೇಲೆ ಗಾಜಿನ ಕಡ್ಡಿ ಅದ್ದಿ ಎರಡರ ಮೇಲೂ ಆಸಿಡ್ ಸವರುತ್ತಿದ್ದರು. ಯಾವ ಗೆರೆ ಮಾಸಿತು, ಎಷ್ಟು ಹೊತ್ತಿಗೆ ಮಾಸಿತು ಅಂತ ಕಲ್ಲನ್ನು ಬೆಳಕಿಗೆ ಓರೆ ಹಿಡಿದು ನೋಡುವುದು. ಎಲ್ಲ ಸೇರಿ ಎರಡು ನಿಮಿಷದ ಕೆಲಸ. "ಒಡವೆ ನೋಡಬೇಡ ಅಮ್ಮಣ್ಣಿ, ಒರೆ ನೋಡು" ಅನ್ನುತ್ತಿದ್ದರು. ಒಡವೆ ನೋಡಿದರೆ ಕಣ್ಣು ಸೋಲುತ್ತಂತೆ.

ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡ ಅನ್ನೋ ಗಾದೆ ಇದೆಯಲ್ಲ, ಅದನ್ನು ಕ್ಲಾಸಿನಲ್ಲಿ ಯಾರೋ ಅಂದರು ಅಂತ ನಾನು ಜಗಳ ಆಡಿಕೊಂಡು ಅಳುತ್ತಾ ಬಂದಿದ್ದೆ. ತಾತ ಊದುಕೊಳವೆ ಬಾಯಿಂದ ತೆಗೆದು, "ನನಗೆ ಅಕ್ಕ ಇಲ್ಲ ಕಣಮ್ಮ, ಇರೋದು ತಂಗಿ" ಅಂದರು. ಅಷ್ಟೇ. ಮತ್ತೆ ಊದತೊಡಗಿದರು.

ಈಗ ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಲ್ಯಾಬಿನ ಗೋಡೆ ಮೇಲೆ ಹಳೇ ಕಾಲದ ಆವರ್ತ ಕೋಷ್ಟಕ ನೇತಾಡುತ್ತಿದೆ. ಹಿಂದೆ ಬಟ್ಟೆ ಅಂಟಿಸಿ, ಮೇಲೂ ಕೆಳಗೂ ಮರದ ಕೋಲು ಹೊಡೆದ ಚಾರ್ಟು. ಹನ್ನೊಂದನೇ ಗುಂಪಿನಲ್ಲಿ ತಾಮ್ರ, ತಾಮ್ರದ ಕೆಳಗೆ ಬೆಳ್ಳಿ, ಬೆಳ್ಳಿಯ ಕೆಳಗೆ ಚಿನ್ನ. ಅಂದರೆ ಆ ಗುಂಪು ಪೂರ್ತಿ ತಾತನ ಪೆಟ್ಟಿಗೆಯಲ್ಲೇ ಇತ್ತು. ಒಡವೆ ಗಟ್ಟಿಯಾಗಲಿ ಅಂತ ಚಿನ್ನಕ್ಕೆ ಬೆರೆಸುತ್ತಿದ್ದದ್ದೂ ಮೇಲಿನ ಆ ಎರಡನ್ನೇ. ಚಾರ್ಟಿನಲ್ಲಿ ಚಿನ್ನದ ಕೆಳಗಿನ ಮನೆ ಮಾತ್ರ ಖಾಲಿ. ಅದು ಅಚ್ಚಾದಾಗ ಅಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ.

ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಚಿನ್ನದ ಕೆಳಗೆ ಏನೂ ಇಲ್ವಾ?"

"ಇದೆ. 111. ರೋಂಟ್ಜೆನಿಯಂ."

"ಹಂಗಾದ್ರೆ ಅದು ಚಿನ್ನಕ್ಕಿಂತ ಕಾಸ್ಟ್ಲಿನಾ?"

ಕ್ಲಾಸೆಲ್ಲ ನಕ್ಕಿತು. ನಾನು ಪುಸ್ತಕದ ಉತ್ತರ ಕೊಟ್ಟೆ. ಕೃತಕ ಧಾತು, ವಿಕಿರಣಶೀಲ, ಆಯಸ್ಸು ಬಹಳ ಕಮ್ಮಿ, ಪರೀಕ್ಷೆಗೆ ಬರಲ್ಲ. ಪರೀಕ್ಷೆಗೆ ಬರಲ್ಲ ಅಂದ ಕೂಡಲೇ ಮಕ್ಕಳು ಪೆನ್ನು ಕೆಳಗಿಟ್ಟರು. ಅವತ್ತು ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಕೃತಿಯಲ್ಲಿ ಗಣನೀಯವಾಗಿ ಸಿಗುವ ಧಾತುಗಳ ಸಾಲು 92ಕ್ಕೆ, ಯುರೇನಿಯಂಗೆ ಮುಗಿಯುತ್ತದೆ. ಅದರಾಚೆಗಿನದ್ದನ್ನು ಮಾಡಿಕೊಳ್ಳಬೇಕು. 111ನ್ನು ಮಾಡಿದ್ದು ಜರ್ಮನಿಯ ಡಾರ್ಮ್‌ಸ್ಟಾಟ್ ಊರಿನ ಜಿ.ಎಸ್.ಐ. ಪ್ರಯೋಗಾಲಯದಲ್ಲಿ. ಮೊದಲ ಪರಮಾಣು ಸಿಕ್ಕಿದ್ದು 1994ರ ಡಿಸೆಂಬರ್ 8ರಂದು. ನಾನಾಗ ಎರಡನೇ ಪಿಯುಸಿ. ಇದೇ ಥರದ ಚಾರ್ಟಿನ ಮುಂದೆ ನಿಂತು ಗುಂಪುಗಳನ್ನು ಉರು ಹೊಡೆಯುತ್ತಿದ್ದೆ. ಅಲ್ಲಿ ಆ ಮನೆ ತುಂಬುತ್ತಿತ್ತು ಅನ್ನೋದು ಇಲ್ಲಿ ಯಾರಿಗೆ ಗೊತ್ತು!

ಲೆಕ್ಕ ಮಾತ್ರ ಒಂದನೇ ಕ್ಲಾಸಿನದು. ಧಾತುವಿನ ಸಂಖ್ಯೆ ಅಂದರೆ ಅದರ ಪ್ರೋಟಾನುಗಳ ಎಣಿಕೆ. ಬಿಸ್ಮತ್‌ಗೆ 83 ಪ್ರೋಟಾನು, ನಿಕ್ಕಲ್‌ಗೆ 28. ಕೂಡಿಸಿದರೆ 111. ಆದರೆ ಎರಡೂ ನ್ಯೂಕ್ಲಿಯಸ್‌ಗಳದ್ದು ಧನ ವಿದ್ಯುತ್ತು, ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ. ಅದಕ್ಕೇ ನಿಕ್ಕಲ್ ಅಯಾನುಗಳನ್ನು ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಭಾಗದಷ್ಟು ಜೋರಾಗಿ ಓಡಿಸಿ ಬಿಸ್ಮತ್ ತಗಡಿಗೆ ಹೊಡೆಸಿದರು. ಮೆಲ್ಲಗೆ ಹೊಡೆದರೆ ಸೇರುವುದಿಲ್ಲ. ಜೋರು ಜಾಸ್ತಿಯಾದರೆ ಸೇರಿದ್ದು ಆ ಕಾವಿಗೇ ಒಡೆದು ಹೋಗುತ್ತದೆ. ಎಷ್ಟು ಊದಬೇಕು ಅನ್ನೋದು ತಾತನಿಗೂ ಇದ್ದ ಪ್ರಶ್ನೆಯೇ, ಅಲ್ವಾ? ಇನ್ನೊಂದು ವಿಷಯ ಓದಿ ನನಗೆ ಖುಷಿಯಾಯಿತು. ಬಿಸ್ಮತ್ 271 ಡಿಗ್ರಿಗೇ ಕರಗುತ್ತದೆ. ಒಂದೇ ಜಾಗಕ್ಕೆ ಹೊಡೆದರೆ ತಗಡು ಹೋಯಿತು. ಹಾಗಾಗಿ ಅದನ್ನು ಒಂದು ಚಕ್ರಕ್ಕೆ ಕಟ್ಟಿ ಗಿರಗಿರ ತಿರುಗಿಸುತ್ತಿದ್ದರು. ಕುಮ್ಮಟೆ ಮುಂದೆ ಚಿಮಟವನ್ನು ತಿರುಗಿಸುತ್ತಲೇ ಇರುವ ತಾತನ ಕೈ ನೆನಪಾಯಿತು.

ಪೀಟರ್ ಆರ್ಮ್‌ಬ್ರಸ್ಟರ್, ಗಾಟ್‌ಫ್ರೀಡ್ ಮ್ಯುನ್ಸೆನ್‌ಬರ್ಗ್, ಸಿಗುರ್ಡ್ ಹಾಫ್‌ಮನ್ ಅವರ ತಂಡ ಇದು. ಕೋಟಿ ಕೋಟಿ ನಿಕ್ಕಲ್ ಅಯಾನುಗಳನ್ನು ಹಗಲು ರಾತ್ರಿ ಹೊಡೆಸಿದ ಮೇಲೆ ಅವರಿಗೆ ಸಿಕ್ಕಿದ್ದು ಎಷ್ಟು? ಮೂರು ಪರಮಾಣು. ಮೂರು ಗ್ರಾಂ ಅಲ್ಲ, ಮೂರು ಗುಂಜಿ ಅಲ್ಲ. ಮೂರು.

ತಾತನ ಪೆಟ್ಟಿಗೆಯಲ್ಲಿ ಗುಲಗಂಜಿ ಬೀಜ ಇರುತ್ತಿದ್ದವು. ಕೆಂಪು ಮೈ, ಕಪ್ಪು ತಲೆ. ಒಂದು ಗುಂಜಿ ಅಂದರೆ ಹೆಚ್ಚು ಕಡಿಮೆ 0.12 ಗ್ರಾಂ. ಅಷ್ಟು ಅಪರಂಜಿಯಲ್ಲಿ ಎಷ್ಟು ಪರಮಾಣು ಅಂತ ಲೆಕ್ಕ ಹಾಕಿದೆ. 37 ಬರೆದು ಅದರ ಮುಂದೆ 19 ಸೊನ್ನೆ. ತಾತ ಸವೆತದ ಲೆಕ್ಕದಲ್ಲಿ ಬಿಟ್ಟುಬಿಡುತ್ತಿದ್ದ ಧೂಳಿನಲ್ಲೂ ಕೋಟಿಗಟ್ಟಲೆ ಕೋಟಿ. ಅಂಗಡಿ ಗುಡಿಸಿದ ಕಸವನ್ನೂ ಅವರು ಎಸೆಯುತ್ತಿರಲಿಲ್ಲ. ಮಣ್ಣು ಜಾಲಿಸುವವರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಮೂರು ಪರಮಾಣು ಅಂದಿದ್ದರೆ ಅವರೂ ನಗುತ್ತಿದ್ದರು.

ಆ ಮೂರನ್ನೂ ಯಾರೂ ನೋಡಲಿಲ್ಲ. ನನ್ನ ಪ್ರಕಾರ ಈ ಕಥೆಯ ತಿರುಳೇ ಇದು. ಹೊಸ ಪರಮಾಣು ಹುಟ್ಟಿದ ಕೂಡಲೇ ತಗಡಿನಿಂದ ಚಿಮ್ಮಿ, ಷಿಪ್ ಅನ್ನುವ ಹನ್ನೊಂದು ಮೀಟರಿನ ಜರಡಿಯೊಳಗೆ ಹೋಗುತ್ತದೆ. ವಿದ್ಯುತ್ತು, ಅಯಸ್ಕಾಂತಗಳ ಜರಡಿ. ನಿಕ್ಕಲ್ ರಭಸವಾಗಿ ಬರುತ್ತದೆ, ಹೊಸದು ಭಾರ, ನಿಧಾನ. ಆ ವೇಗದ ವ್ಯತ್ಯಾಸದಿಂದ ಬೇರೆಯಾಗಿ ಕೊನೆಗೊಂದು ಸಿಲಿಕಾನ್ ಬಿಲ್ಲೆಯಲ್ಲಿ ಹೂತುಕೊಳ್ಳುತ್ತದೆ. ಅಲ್ಲಿ ಕೂತು ಕೆಲವು ಮಿಲಿಸೆಕೆಂಡಿನಲ್ಲಿ ಒಂದು ಆಲ್ಫಾ ಕಣ ಉಗುಳುತ್ತದೆ. ಎರಡು ಪ್ರೋಟಾನು ಹೋಯಿತು, ಈಗ ಅದು 109. ಮತ್ತೆ ಉಗುಳುತ್ತದೆ, 107. ಮತ್ತೆ, 105. ಮತ್ತೆ, 103. ಪ್ರತಿ ಉಗುಳಿಗೂ ಇಷ್ಟೇ ಶಕ್ತಿ, ಇಷ್ಟು ಹೊತ್ತು ಅಂತ ಬಿಲ್ಲೆಯಲ್ಲಿ ದಾಖಲಾಗುತ್ತದೆ. ಕೊನೆಯ ಮೆಟ್ಟಿಲುಗಳು ಮೊದಲೇ ಗೊತ್ತಿದ್ದ ಪರಮಾಣುಗಳು. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬಂದರೆ ಮೇಲೆ ಇದ್ದದ್ದು 111 ಆಗಲೇಬೇಕು.

ಇದು ಒರೆಯಲ್ಲದೆ ಮತ್ತೇನು? ವಸ್ತು ಕೈಗೆ ಬರುವುದಿಲ್ಲ. ಅದು ಬಿಟ್ಟುಹೋದ ಗೆರೆ ಇದೆ, ಪಕ್ಕದಲ್ಲಿ ಗೊತ್ತಿರುವ ಗೆರೆ ಇದೆ. ಎರಡನ್ನೂ ಹೋಲಿಸಿ, ಯಾವುದು ಎಷ್ಟು ಹೊತ್ತಿಗೆ ಮಾಸಿತು ಅಂತ ನೋಡುವುದು. ಡಾರ್ಮ್‌ಸ್ಟಾಟಿನವರು ಮಾಡಿದ್ದು ಅದನ್ನೇ.

ಮುಂದೆ ನಡೆದದ್ದು ಇನ್ನೂ ಚೆನ್ನಾಗಿದೆ. ಹೊಸ ಧಾತು ಸಿಕ್ಕಿತು ಅಂತ ಒಬ್ಬರು ಹೇಳಿದರೆ ಆಗುವುದಿಲ್ಲ. ರಸಾಯನ ವಿಜ್ಞಾನದವರದ್ದೂ ಭೌತ ವಿಜ್ಞಾನದವರದ್ದೂ ಅಂತರರಾಷ್ಟ್ರೀಯ ಸಂಘಗಳಿವೆ. ಎರಡೂ ಸೇರಿ ಒಂದು ಸಮಿತಿ ಮಾಡಿ ಪರಿಶೀಲಿಸುತ್ತವೆ. 2001ರಲ್ಲಿ ಆ ಸಮಿತಿ, ಕೆಲಸ ಒಳ್ಳೆಯದು, ಆದರೆ ಸಾಕ್ಷಿ ಸಾಲದು ಅಂತ ಹೇಳಿತು. ಸರಪಣಿಯ ಮಧ್ಯದ ಮೆಟ್ಟಿಲುಗಳೂ ಹೊಸವೇ ಆಗಿದ್ದವು, ಅವನ್ನು ಹೋಲಿಸಲು ಬೇರೆ ಗೆರೆ ಇರಲಿಲ್ಲ. ಜರ್ಮನಿಯವರು ಮತ್ತೆ ಅದೇ ಪ್ರಯೋಗ ಮಾಡಿ ಇನ್ನೂ ಮೂರು ಪರಮಾಣುಗಳನ್ನು ವರದಿ ಮಾಡಿದರು. 2003ರಲ್ಲಿ ಮಾನ್ಯತೆ ಬಂತು. ಆಮೇಲೆ ಜಪಾನಿನ ರಿಕೆನ್ ಸಂಸ್ಥೆಯವರೂ ಮಾಡಿ 14 ಪರಮಾಣು ಪಡೆದರು.

ಒಂಬತ್ತು ವರ್ಷ ಅಂದರೆ ಜಾಸ್ತಿ ಆಯಿತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಅದಕ್ಕೆ ಕಾರಣ ಒಂದು ಜೊತೆ ಬಳೆ. ಒಮ್ಮೆ ಯಾರೋ ಒಬ್ಬರು, ಆಸ್ಪತ್ರೆ ಖರ್ಚು ಅಂತ, ಸಂಜೆ ಹೊತ್ತು ಬಳೆ ಮಾರಲು ಬಂದರು. ತಾತ ಕಲ್ಲಿಗೆ ಉಜ್ಜಿದರು. ಒಳ್ಳೆ ಗೆರೆ. ಆಸಿಡ್ ಹಾಕಿದರೂ ಅಲ್ಲಾಡಲಿಲ್ಲ. ದುಡ್ಡು ಎಣಿಸಿ ಕೊಟ್ಟರು. ಮಾರನೇ ದಿನ ಮೂಸೆಗೆ ಹಾಕುವ ಮುಂಚೆ ಕತ್ತರಿಸಿ ನೋಡಿದರೆ ಒಳಗೆಲ್ಲ ತಾಮ್ರ. ಮೇಲೊಂದು ದಪ್ಪ ಚಿನ್ನದ ಹೊದಿಕೆ ಅಷ್ಟೇ. ತಾತ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವತ್ತಿನಿಂದ, ಯಾರೇ ತರಲಿ, ಸ್ವಂತ ಬೀಗರೇ ತರಲಿ, ಮೊದಲು ಅರದಿಂದ ಒಂದು ಕಚ್ಚು ಹಾಕಿ, ಆ ಕಚ್ಚಿನೊಳಗಿಂದ ಒರೆ ತೆಗೆಯುತ್ತಿದ್ದರು. ಬೀಗರು ಮುಖ ಸಿಂಡರಿಸಿದರು. ತಾತ, "ಮೇಲಿನ ಒರೆ ಮೇಲಿಂದೇ ಹೇಳುತ್ತೆ" ಅಂದರು.

ಡಾರ್ಮ್‌ಸ್ಟಾಟಿನದು ತಾಮ್ರದ ಬಳೆ ಆಗಿರಲಿಲ್ಲ, ಅದು ಅಸಲಿ. ಆದರೆ ಅದೇ ಹೊತ್ತಿನಲ್ಲಿ ಅಂಥ ಬಳೆಯೂ ಒಂದು ಬಂದಿತ್ತು. 1999ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು 118 ಸಿಕ್ಕಿತು ಅಂತ ಪ್ರಕಟಿಸಿದರು. ಬೇರೆಯವರಿಗೆ ಬರಲಿಲ್ಲ, ಅವರಿಗೇ ಮತ್ತೆ ಬರಲಿಲ್ಲ. ತನಿಖೆಯಲ್ಲಿ ದತ್ತಾಂಶವನ್ನೇ ಸೃಷ್ಟಿಸಿದ್ದು ಅಂತ ಗೊತ್ತಾಗಿ 2002ರಲ್ಲಿ ಲೇಖನ ವಾಪಸ್ ಪಡೆದರು. ಅರ ಹಿಡಿದವರನ್ನು ನೋಡಿ ಮುಖ ಸಿಂಡರಿಸಬಾರದು.

ಇನ್ನು ಹೆಸರು. ಹೆಸರಿಡುವವರೆಗೆ 111ನ್ನು ಉನ್‌ಉನ್‌ಉನಿಯಂ ಅನ್ನುತ್ತಿದ್ದರು. ಲ್ಯಾಟಿನ್‌ನಲ್ಲಿ ಒಂದು-ಒಂದು-ಒಂದು. ನಾಮಕರಣಕ್ಕೆ ಮುಂಚೆ ಮಗುವನ್ನು ಪಾಪು ಅಂದ ಹಾಗೆ. 2004ರ ನವೆಂಬರ್ 1ರಂದು ರೋಂಟ್ಜೆನಿಯಂ ಅಂತ ಆಯಿತು. ಎಕ್ಸ್-ರೇ ಕಂಡುಹಿಡಿದ ವಿಲ್ಹೆಲ್ಮ್ ರೋಂಟ್ಜೆನ್ ನೆನಪಿಗೆ. ಅವರು ಅದನ್ನು ಕಂಡದ್ದು 1895ರ ನವೆಂಬರ್ 8ರಂದು. ಭೌತ ವಿಜ್ಞಾನದ ಮೊಟ್ಟಮೊದಲ ನೊಬೆಲ್, 1901ರದ್ದು, ಅವರಿಗೇ. 1895ರ ಡಿಸೆಂಬರಿನಲ್ಲಿ ಅವರು ತೆಗೆದ, ಹೆಂಡತಿ ಕೈಯ ಎಕ್ಸ್-ರೇ ಚಿತ್ರವನ್ನು ನೀವೂ ನೋಡಿರಬಹುದು. ಮೂಳೆಗಳು ಕಡ್ಡಿ ಕಡ್ಡಿಯಾಗಿ, ಒಂದು ಬೆರಳಿನಲ್ಲಿ ಉಂಗುರ ಕಪ್ಪಗೆ, ದುಂಡಗೆ.

ನಾನು ನೋಡಿದ ಮೊದಲ ಎಕ್ಸ್-ರೇ ಬೇರೆ. ಮಾರಿಕುಪ್ಪಂ ಕಡೆಯಿಂದ ತಾತನ ಸ್ನೇಹಿತರೊಬ್ಬರು ಬರುತ್ತಿದ್ದರು. ಕೆ.ಜಿ.ಎಫ್. ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ಇಬ್ಬರದೂ ಚಿನ್ನದ ಕೆಲಸವೇ. ಒಬ್ಬರು ಭೂಮಿಯಿಂದ ತೆಗೆದವರು, ಒಬ್ಬರು ಕಿವಿಗೆ ಹಾಕುವ ಹಾಗೆ ಮಾಡಿದವರು. ಅವರು ಕೂತರೂ ಉಬ್ಬಸ, ಎದ್ದರೂ ಉಬ್ಬಸ. ಒಂದು ದಿನ ಖಾಕಿ ಕವರಿನಿಂದ ಫಿಲ್ಮ್ ತೆಗೆದು ತಾತನಿಗೆ ಕೊಟ್ಟರು. ತಾತ ಅದನ್ನು ಕಿಟಕಿ ಬೆಳಕಿಗೆ ಹಿಡಿದರು, ಕಲ್ಲು ಹಿಡಿಯುವ ಹಾಗೆಯೇ ಸ್ವಲ್ಪ ಓರೆ. ಎರಡು ಶ್ವಾಸಕೋಶ. ಒಳಗೆಲ್ಲ ಬಿಳೀ ಚುಕ್ಕಿ, ರವೆ ಚೆಲ್ಲಿದ ಹಾಗೆ. ಸಿಲಿಕೋಸಿಸ್. ಬಂಡೆ ಕೊರೆದಾಗ ಎದ್ದ ಧೂಳು ಎದೆಯಲ್ಲಿ ಕೂತದ್ದು. "ಇದು ಚಿನ್ನ ಅಲ್ಲ ಸ್ವಾಮಿ, ಬರೀ ಕಲ್ಲು" ಅಂತ ಅವರು ನಕ್ಕರು. ನಗುವಿನ ಹಿಂದೆಯೇ ಕೆಮ್ಮು ಬಂತು. ಚಿನ್ನದ ಕೆಳಗಿನ ಮನೆಗೆ ಎಕ್ಸ್-ರೇ ಕಂಡುಹಿಡಿದವರ ಹೆಸರಿಟ್ಟರು ಅಂತ ಓದಿದಾಗ ನನಗೆ ನೆನಪಾದದ್ದು ನೊಬೆಲ್ ಅಲ್ಲ, ಆ ಕಿಟಕಿ.

ಅವರು ಇಳಿಯುತ್ತಿದ್ದದ್ದು ಚಾಂಪಿಯನ್ ರೀಫ್ ಗಣಿಗೆ. ಮೂರು ಕಿಲೋಮೀಟರಿಗೂ ಜಾಸ್ತಿ ಆಳ. ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ, ಅಂದರೆ ಯಾವುದಕ್ಕೂ ಸುಲಭಕ್ಕೆ ತಗಲದೆ ತೂರಿಹೋಗುವ ಕಣಗಳ, ಸುಳಿವು ಹಿಡಿದರು. ಅದೂ ಬೆರಳೆಣಿಕೆಯ ಲೆಕ್ಕವೇ. ತಿಂಗಳುಗಟ್ಟಲೆ ಕಾದು ಒಂದೊಂದು ಗೆರೆ. ಆ ಸ್ನೇಹಿತರು ಇದನ್ನು ಕೇಳಿದ್ದರು. "ನಾವು ಟನ್ನುಗಟ್ಟಲೆ ಕಲ್ಲು ತೆಗೀತಿದ್ವಿ, ಪಕ್ಕದಲ್ಲಿ ಅವರು ಏನೂ ತೆಗೀದೆ ಸುಮ್ನೆ ಕೂತಿರೋರು" ಅನ್ನುತ್ತಿದ್ದರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಷ್ಟು ಹೊತ್ತಿಗೆ ಇಬ್ಬರೂ ಇರಲಿಲ್ಲ.

ಚಿನ್ನದ ಬಣ್ಣದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಇಷ್ಟಪಟ್ಟ ಸಂಗತಿ ಇನ್ನೊಂದಿಲ್ಲ. ಬೆಳ್ಳಿ ಬೆಳ್ಳಗಿದೆ, ಅದರ ಕೆಳಗಿನ ಚಿನ್ನ ಯಾಕೆ ಹಳದಿ? ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನು ಜಾಸ್ತಿಯಾದಷ್ಟೂ ಒಳಗಿನ ಎಲೆಕ್ಟ್ರಾನುಗಳು ಜೋರಾಗಿ ಓಡಬೇಕು. ಒಂದು ಒರಟು ಲೆಕ್ಕ ಇದೆ: ಧಾತುವಿನ ಸಂಖ್ಯೆಯನ್ನು 137ರಿಂದ ಭಾಗಿಸಿ. ಬೆಳ್ಳಿಗೆ 47, ಅಂದರೆ ಬೆಳಕಿನ ವೇಗದ ಮೂರನೇ ಒಂದು ಭಾಗ. ಚಿನ್ನಕ್ಕೆ 79, ಬೆಳಕಿನ ವೇಗದ ನೂರಕ್ಕೆ 58. ಅಷ್ಟು ವೇಗದಲ್ಲಿ ಐನ್‌ಸ್ಟೀನರ ಸಾಪೇಕ್ಷತೆ ಕೆಲಸಕ್ಕೆ ಬರುತ್ತದೆ. ಕೆಲವು ಕಕ್ಷೆಗಳು ಒಳಕ್ಕೆ ಕುಗ್ಗುತ್ತವೆ, ಕೆಲವು ಸಡಿಲವಾಗುತ್ತವೆ, ನಡುವಿನ ಅಂತರ ಕಮ್ಮಿಯಾಗುತ್ತದೆ. ಬೆಳ್ಳಿ ಕಣ್ಣಿಗೆ ಕಾಣದ ನೇರಳಾತೀತವನ್ನು ಹೀರಿಕೊಂಡು ಕಾಣುವ ಬಣ್ಣಗಳನ್ನೆಲ್ಲ ವಾಪಸ್ ಕಳಿಸುತ್ತದೆ. ಚಿನ್ನ ಮಾತ್ರ ನೀಲಿಯನ್ನು ನುಂಗಿಬಿಡುತ್ತದೆ. ಉಳಿದದ್ದು ಹಳದಿ. ಮದುವೆ ಮನೆಯಲ್ಲಿ ಎಲ್ಲರೂ ನೋಡುವ ಆ ಹಳದಿ, ಸಾಪೇಕ್ಷತೆಯ ಹಳದಿ.

ಈಗ 111ನ್ನು 137ರಿಂದ ಭಾಗಿಸಿ. 0.81. ಅಲ್ಲಿ ಸಾಪೇಕ್ಷತೆ ಎಷ್ಟು ಜೋರೆಂದರೆ ಹೊರಗಿನ ಎಲೆಕ್ಟ್ರಾನುಗಳ ಜೋಡಣೆಯೇ ಚಿನ್ನಕ್ಕಿಂತ ಬೇರೆ ಇರಬೇಕು ಅಂತ ಲೆಕ್ಕ ಹೇಳುತ್ತದೆ. ಚಿನ್ನದ ಕೊನೆಯ ಕಕ್ಷೆಯಲ್ಲಿ ಒಂದೇ ಎಲೆಕ್ಟ್ರಾನು, ಇದರಲ್ಲಿ ಎರಡು ಇರಬಹುದು. ಚಿನ್ನದ ಥರವೇ ತುಕ್ಕು ಹಿಡಿಯದ, ಮೈಗೆ ಏನೂ ಅಂಟಿಸಿಕೊಳ್ಳದ ಲೋಹವಂತೆ. ಬಣ್ಣ ಬೆಳ್ಳಿಯಂತೆ ಇರಬಹುದು ಅನ್ನುವ ಅಂದಾಜೂ ಇದೆ. ಬಣ್ಣ ಅನ್ನೋದು ಪರಮಾಣುಗಳ ರಾಶಿಯ ಗುಣ. ಒಂದೊಂದೇ ಪರಮಾಣು ಬಂದು ಹೋಗುವ ಕಡೆ ಬಣ್ಣ ಎಲ್ಲಿಂದ ಬರಬೇಕು? ಒಂದು ಕಾಳು ಇಟ್ಟುಕೊಂಡು ರಾಶಿಯ ಬಣ್ಣ ಕೇಳಿದ ಹಾಗೆ. ಇಲ್ಲಿ ಆ ಒಂದು ಕಾಳೂ ನಿಲ್ಲುವುದಿಲ್ಲ.

ರೋಂಟ್ಜೆನಿಯಂನ ರಸಾಯನ ಪರೀಕ್ಷೆ ಇನ್ನೂ ಯಾರಿಂದಲೂ ಆಗಿಲ್ಲ. ಆದರೆ ಪಕ್ಕದ ಮನೆಯದ್ದು, 112, ಕೋಪರ್ನಿಸಿಯಂ, ಅದರದ್ದು ಆಗಿದೆ. 2007ರಲ್ಲಿ ಪ್ರಕಟವಾದ ಆ ಪ್ರಯೋಗ ನಡೆದದ್ದು ರಷ್ಯಾದ ದುಬ್ನಾದಲ್ಲಿ. ಒಂದು ಕಿರಿದಾದ ದಾರಿ. ಎರಡೂ ಬದಿಗೆ ಚಿನ್ನ ಲೇಪಿಸಿದ ಪತ್ತೆ ಬಿಲ್ಲೆಗಳು. ದಾರಿ ಮುಂದೆ ಹೋದ ಹಾಗೆಲ್ಲ ತಣ್ಣಗಾಗುತ್ತಾ ಹೋಗುತ್ತದೆ. ಪರಮಾಣು ಗಾಳಿಯ ಜೊತೆ ತೇಲಿ ಬಂದು ಎಲ್ಲಿ ಅಂಟಿಕೊಳ್ಳುತ್ತದೆ ಅಂತ ನೋಡುವುದು. ಚಿನ್ನದ ಮೇಲೆ ಪ್ರೀತಿ ಇದ್ದರೆ ಬಿಸಿಯಲ್ಲೇ ಅಂಟುತ್ತದೆ, ಇಲ್ಲದಿದ್ದರೆ ತಣ್ಣನೆ ತುದಿವರೆಗೆ ಹೋಗುತ್ತದೆ. ಸಿಕ್ಕಿದ್ದು ಎರಡು ಪರಮಾಣು. ಚಿನ್ನಕ್ಕೆ ಅಂಟಿದವು, ಆದರೆ ತಮ್ಮ ಮೇಲಿನ ಮನೆಯ ಪಾದರಸಕ್ಕಿಂತ ಸಡಿಲವಾಗಿ. ಪಾದರಸ ಚಿನ್ನವನ್ನು ತಿನ್ನುತ್ತದೆ ಅಂತ ತಾತ ಅದನ್ನು ಜಗಲಿಗೂ ತರಗೊಡುತ್ತಿರಲಿಲ್ಲ. ಇಲ್ಲಿ ನೋಡಿದರೆ ಚಿನ್ನವೇ ಒರೆಗಲ್ಲು.

ಇನ್ನೊಂದು ಕಥೆ ಕೇಳಿ. ಜೆರುಸಲೇಮಿನ ಅಮ್ನಾನ್ ಮರಿನೋವ್ ಅನ್ನುವ ವಿಜ್ಞಾನಿ ಮತ್ತವರ ತಂಡ, ನಾವು ಹಾಕಿಕೊಳ್ಳುವ ಮಾಮೂಲಿ ಚಿನ್ನದಲ್ಲೇ ದೀರ್ಘಕಾಲ ಬಾಳುವ ರೋಂಟ್ಜೆನಿಯಂ ಇದೆ ಅಂತ ವಾದಿಸಿದರು. ಸಾವಿರ ಕೋಟಿ ಚಿನ್ನದ ಪರಮಾಣುವಿಗೆ ಒಂದರ ಆಸುಪಾಸು. ತರ್ಕ ಏನೋ ಸರಿಯೇ, ಒಂದೇ ಗುಂಪಿನವರು ಒಂದೇ ಕಡೆ ಸಿಗುತ್ತಾರೆ. ಚಿನ್ನದ ಜೊತೆ ಬೆಳ್ಳಿ ಸಿಗುವುದಿಲ್ಲವೇ? ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಿದ್ದರೆ ನಮ್ಮಮ್ಮನ ಓಲೆಯಲ್ಲೂ ಇರಬೇಕು! ಆದರೆ ವಿಯೆನ್ನಾದವರು ಇನ್ನೂ ಸೂಕ್ಷ್ಮ ಯಂತ್ರ ಇಟ್ಟುಕೊಂಡು ಚಿನ್ನವನ್ನು ಜಾಲಾಡಿದರು. ಸಿಗಲಿಲ್ಲ. ಅರದಿಂದ ಕಚ್ಚು ಹಾಕಿ ನೋಡಿದರು, ಒಳಗೆ ಇರಲಿಲ್ಲ. ಓಲೆ ಬರೀ ಓಲೆಯಾಗಿಯೇ ಉಳಿಯಿತು.

ಮೊದಲ ಮೂರು ಪರಮಾಣು ಮಿಲಿಸೆಕೆಂಡಿನವು ಅಂದೆನಲ್ಲ. ಅದೇ 111ರಲ್ಲಿ ನ್ಯೂಟ್ರಾನು ಜಾಸ್ತಿ ಇರುವ ಬಗೆ, 282 ತೂಕದ್ದು, ಸುಮಾರು ಎರಡು ನಿಮಿಷ ಬಾಳುತ್ತದೆ. ಮೊದಲ ಮೂರರ ತೂಕ 272. ಹತ್ತು ನ್ಯೂಟ್ರಾನು ಸೇರಿದ್ದಕ್ಕೆ ಅಷ್ಟು ಆಯಸ್ಸು. ಸುಮಾರು 114 ಪ್ರೋಟಾನು, 184 ನ್ಯೂಟ್ರಾನು ಇರುವ ಕಡೆ ಇನ್ನೂ ಗಟ್ಟಿಯಾದ ಪರಮಾಣುಗಳ ಒಂದು ನಡುಗಡ್ಡೆ ಇರಬೇಕು ಅಂತ ದಶಕಗಳಿಂದ ಹುಡುಕುತ್ತಿದ್ದಾರೆ. ಈ ಎರಡು ನಿಮಿಷ ಅಂದರೆ ಕೆರೆ ಏರಿ ಮೇಲೆ ನಿಂತಾಗ ದೂರದಲ್ಲಿ ಹಸಿರು ಕಂಡಷ್ಟೇ.

ಆ ಎರಡು ನಿಮಿಷದ ಪರಮಾಣುವನ್ನು ಯಾರೂ ನೇರವಾಗಿ ಮಾಡಲಿಲ್ಲ. ಅದು 117ರ ಮರಿಮೊಮ್ಮಗು. 117 ಕರಗಿ 115, ಅದು ಕರಗಿ 113, ಅದು ಕರಗಿ 111. ಆ 117ಕ್ಕೆ ಬೇಕಾದ ಬರ್ಕೆಲಿಯಂ ಅನ್ನುವ ಕೃತಕ ಧಾತು ಸಿಗುತ್ತಿದ್ದದ್ದು ಅಮೆರಿಕದ ಓಕ್ ರಿಜ್‌ನಲ್ಲಿ. ರಿಯಾಕ್ಟರಿನಲ್ಲಿ 250 ದಿನ ಬೇಯಿಸಿ, ಆರಿಸಿ, ಶುದ್ಧ ಮಾಡಿದಾಗ ಬಂದದ್ದು 22 ಮಿಲಿಗ್ರಾಂ. ಗುಂಜಿಯ ಐದನೇ ಒಂದು ಭಾಗದಷ್ಟು. ಇಟ್ಟರೆ 330 ದಿನಕ್ಕೆ ಅರ್ಧ ಮಾಯ. ಅದನ್ನು 2009ರಲ್ಲಿ ವಿಮಾನದಲ್ಲಿ ರಷ್ಯಾಕ್ಕೆ ಕಳಿಸಿದರೆ, ಕಾಗದ ಪತ್ರ ಸರಿ ಇಲ್ಲ ಅಂತ ಕಸ್ಟಮ್ಸ್‌ನವರು ವಾಪಸ್ ಕಳಿಸಿದರು. ಮತ್ತೆ ಕಳಿಸಿದರು, ಮತ್ತೆ ವಾಪಸ್. ಅಟ್ಲಾಂಟಿಕ್ ಸಾಗರವನ್ನು ಐದು ಸಲ ದಾಟಿದ ಮೇಲೆ ಒಳಗೆ ಬಿಟ್ಟರು. ಒಂದು ಖಾತೆ ಬದಲಾವಣೆಗೆ ನಾಲ್ಕು ಸಲ ಅಲೆದ ನನಗೆ ಇದನ್ನು ಓದಿ ಯಾಕೋ ಸಮಾಧಾನವಾಯಿತು. ಅಷ್ಟೆಲ್ಲ ಆದ ಮೇಲೆ ಸಿಕ್ಕಿದ 117ರ ಪರಮಾಣುಗಳು ಆರು.

ಎರಡು ನಿಮಿಷ. ತಾತ ಒಂದು ಒರೆ ತೆಗೆದು, ಆಸಿಡ್ ಸವರಿ, ಓರೆ ಹಿಡಿದು ನೋಡುತ್ತಿದ್ದದ್ದೂ ಅಷ್ಟೇ ಹೊತ್ತು.

ಹೋದ ವರ್ಷವೇ ವಾಟ್ಸಾಪಿನಲ್ಲಿ ಸೀಸದಿಂದ ಚಿನ್ನ ಮಾಡಿದರಂತೆ ಅನ್ನೋ ಸುದ್ದಿ ಓಡಾಡಿತು, ನಿಮಗೂ ಬಂದಿರಬೇಕು. ಸುಳ್ಳಲ್ಲ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಆಲಿಸ್ ಪ್ರಯೋಗದಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಒಂದರ ಪಕ್ಕ ಒಂದು ಸವರಿಕೊಂಡು ಹೋದಾಗ ಮೂರು ಪ್ರೋಟಾನು ಕಳೆದುಕೊಂಡು ಚಿನ್ನವಾದವು. 2015ರಿಂದ 2018ರವರೆಗೆ ಆದದ್ದೆಲ್ಲ ಸೇರಿ 29 ಪಿಕೋಗ್ರಾಂ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ 29 ಭಾಗ. ಅದೂ ಕ್ಷಣಮಾತ್ರದ್ದು. ಮೂಗುತಿಯ ಹರಳಿನ ನೆರಳಿಗೂ ಸಾಲದು.

ಆ ಹುಡುಗಿಯ ಪ್ರಶ್ನೆಗೆ, ಕಾಸ್ಟ್ಲಿನಾ ಅನ್ನೋದಕ್ಕೆ, ಉತ್ತರ ಇಷ್ಟು: ತೂಕ ಹಾಕಲು ಆಗದ್ದಕ್ಕೆ ರೇಟು ಕಟ್ಟೋಕಾಗಲ್ಲ. ಮೊನ್ನೆ ಅವಳನ್ನೇ ಸ್ಟೂಲ್ ಮೇಲೆ ಹತ್ತಿಸಿ ಚಾರ್ಟಿನ ಖಾಲಿ ಮನೆಯಲ್ಲಿ ಬರೆಸಿದೆ. 111, ಕನ್ನಡದಲ್ಲಿ ಹೆಸರು. ಪೆನ್ಸಿಲ್‌ನಲ್ಲಿ ಬರೆದಳು. ಸ್ಕೆಚ್ ಪೆನ್ ಕೊಟ್ಟರೂ ಬೇಡ ಅಂದಳು, ಮೇಡಂ ತಪ್ಪಾದ್ರೆ ಅಳಿಸಬೇಕಲ್ಲ ಅಂತ.

ಅವತ್ತು ತಾತನ ಕಲ್ಲನ್ನು ಲ್ಯಾಬಿಗೆ ತಂದಿದ್ದೆ. ಮಕ್ಕಳು ಉಂಗುರ, ಬೀಗದ ಕೈ, ಐದು ರೂಪಾಯಿ ನಾಣ್ಯ, ಎಲ್ಲ ಉಜ್ಜಿ ಉಜ್ಜಿ ನೋಡಿದರು. ಕಲ್ಲಿನ ಜೊತೆ ಒಂದು ಕಪ್ಪು ಮೇಣದ ಉಂಡೆಯೂ ಇತ್ತು. ಇದೇನು ಅಂತ ಕೇಳಿದರು. ಒರೆ ನೋಡಿದ ಮೇಲೆ ಕಲ್ಲಿನ ಮೇಲಿನ ಗೆರೆಯನ್ನು ತಾತ ಒರೆಸಿ ಬಿಸಾಕುತ್ತಿರಲಿಲ್ಲ. ಈ ಉಂಡೆಯನ್ನು ಒತ್ತಿ ಎತ್ತುತ್ತಿದ್ದರು, ಗೆರೆಯ ಚಿನ್ನ ಮೇಣಕ್ಕೆ ಅಂಟುತ್ತಿತ್ತು. ನಲವತ್ತು ವರ್ಷ ಊರಿನವರು ತಂದ ಒಡವೆಗಳ ಗೆರೆಗಳೆಲ್ಲ ಅದರೊಳಗಿವೆ. ಬೆಳಕಿಗೆ ಹಿಡಿದರೆ ಅಲ್ಲೊಂದು ಇಲ್ಲೊಂದು ಮಿಣಕ್ ಅನ್ನುತ್ತದೆ.

"ಎಷ್ಟಿರಬಹುದು ಮೇಡಂ?"

ಲ್ಯಾಬಿನ ಡಿಜಿಟಲ್ ತಕ್ಕಡಿ ಮೇಲೆ ಇಟ್ಟೆವು. ಫ್ಯಾನ್ ಆರಿಸಿ ಅಂದೆ, ಆರಿಸಿದರು. 11.38 ಗ್ರಾಂ ಅಂತ ಬಂತು. ಅದರಲ್ಲಿ ಮೇಣ ಎಷ್ಟು, ಚಿನ್ನ ಎಷ್ಟು ಅಂತ ಕರಗಿಸದೆ ಗೊತ್ತಾಗುವುದಿಲ್ಲ. ಕರಗಿಸೋಣ ಮೇಡಂ ಅಂತ ಹುಡುಗರು ಬರ್ನರ್ ಹಚ್ಚೋಕೆ ಹೊರಟರು. ನಾನು ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.